ಚಿತ್ರ ಅಂಟಿಸಿದ ಹಾಗೆ ಕಾಣುತ್ತಿದೆಯೇ? ಸರ್ರಿಯಲ್ ಜೋಡಣೆಯಲ್ಲಿ ದೋಷ ಹುಡುಕುವ ಬಗೆ

ಆಕಾಶದಲ್ಲಿ ತೇಲುವ ದ್ವೀಪ, ಮೋಡಗಳ ನಡುವೆ ಈಜುವ ತಿಮಿಂಗಿಲ, ನಡುಸಮುದ್ರದಲ್ಲಿ ಒಂಟಿಯಾಗಿ ನಿಂತ ಬಾಗಿಲು. ಬೇರೆ ಬೇರೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಇಂಥ ಸರ್ರಿಯಲ್, ಅಂದರೆ ಕನಸಿನಂಥ, ಚಿತ್ರ ಮಾಡುವವರೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತಿದು: "ಚೆನ್ನಾಗೇ ಕತ್ತರಿಸಿದ್ದೇನೆ, ಬಣ್ಣವನ್ನೂ ಹೊಂದಿಸಿದ್ದೇನೆ, ಆದರೂ ಅಂಟಿಸಿದ ಹಾಗೆ ಕಾಣ್ತಿದೆ." ಏನೋ ತಪ್ಪಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ, ಯಾವುದು ಅಂತ ಹೇಳಲು ಬರುವುದಿಲ್ಲ. ಅದನ್ನು ಹುಡುಕುವ ದಾರಿ ಇಲ್ಲಿದೆ.

ನೋಡುವವರು ಹಾರುವ ತಿಮಿಂಗಿಲವನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಅದರ ಮೇಲೆ ಬಿದ್ದ ಬೆಳಕು ಮೋಡದ ಮೇಲಿನ ಬೆಳಕಿಗೆ ಹೊಂದದಿದ್ದರೆ ಮಾತ್ರ ಒಪ್ಪುವುದಿಲ್ಲ. ಸರ್ರಿಯಲ್ ಚಿತ್ರದಲ್ಲಿ ಸುಳ್ಳು ಒಂದೇ ಇರಬೇಕು, ಅದೂ ನೀವು ಬೇಕೆಂದೇ ಹೇಳಿದ್ದಾಗಿರಬೇಕು. ಉಳಿದಂತೆ ಬೆಳಕು, ನೆರಳು, ದೂರ, ಗಾತ್ರ ಎಲ್ಲವೂ ನಾವು ದಿನಾ ನೋಡುವ ಲೋಕದ ಹಾಗೇ ನಡೆಯಬೇಕು. ಸರ್ರಿಯಲಿಸ್ಟ್ ಚಿತ್ರಕಾರ ರೆನೆ ಮ್ಯಾಗ್ರಿಟ್ ಹಗಲಿನ ನೀಲಿ ಆಕಾಶದ ಕೆಳಗೆ ಬೀದಿದೀಪ ಉರಿಯುವ ರಾತ್ರಿಯ ಮನೆಯನ್ನು ಚಿತ್ರಿಸಿದ್ದಾರೆ. ಆಕಾಶವನ್ನಷ್ಟೇ ನೋಡಿದರೆ ಅದು ನಿಜವಾದ ಹಗಲು. ಮನೆಯನ್ನಷ್ಟೇ ನೋಡಿದರೆ ಅದು ನಿಜವಾದ ರಾತ್ರಿ. ಅಸಾಧ್ಯ ಇರುವುದು ಎರಡೂ ಸೇರುವಲ್ಲಿ ಮಾತ್ರ. ಹಾಗಾಗಿ ಅನುಮಾನ ಬಂದ ಪ್ರತಿ ಜಾಗದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನಾನೇ ಹೇಳಿದ ಸುಳ್ಳೋ, ಗೊತ್ತಿಲ್ಲದೆ ನುಸುಳಿದ್ದೋ?

ಇಲ್ಲಿ ಹೆಚ್ಚಾಗಿ ಫೋಟೋಶಾಪ್‌ನ ಹೆಸರುಗಳನ್ನೇ ಬಳಸಿದ್ದೇನೆ. ಗಿಂಪ್, ಕ್ರಿಟಾ, ಅಫಿನಿಟಿ, ಫೋಟೋಪಿಯಾದಲ್ಲೂ ಲೇಯರ್ (ಒಂದರ ಮೇಲೊಂದು ಇಡುವ ಪದರ), ಮಾಸ್ಕ್ (ಪದರದ ಬೇಡದ ಭಾಗ ಅಡಗಿಸುವ ಮರೆ), ಬ್ಲೆಂಡ್ ಮೋಡ್ (ಪದರ ಕೆಳಗಿನದರ ಜೊತೆ ಬೆರೆಯುವ ಬಗೆ) ಇವೆ. ದೋಷಗಳಂತೂ ಎಲ್ಲಾ ಕಡೆ ಇವೇ.

ಹುಡುಕುವುದಕ್ಕೂ ಒಂದು ಕ್ರಮ ಇದೆ. ಮೊದಲು ದಿಗಂತ ಮತ್ತು ಪರ್ಸ್ಪೆಕ್ಟಿವ್ (ನೋಡುವ ಕೋನ, ದೂರಕ್ಕೆ ತಕ್ಕ ಹಾಗೆ ಆಕಾರ ಬದಲಾಗಿ ಕಾಣುವ ಬಗೆ), ಆಮೇಲೆ ಬೆಳಕಿನ ದಿಕ್ಕು, ಆಮೇಲೆ ಕಪ್ಪು ಬಿಳುಪಿನ ಮಟ್ಟ, ನಂತರ ಬಣ್ಣ, ಅಂಚು, ಕೊನೆಗೆ ಗ್ರೇನ್ (ಫೋಟೋದಲ್ಲಿ ಕಾಣುವ ಸಣ್ಣ ಕಾಳುಕಾಳು). ಹೆಚ್ಚಿನವರು ಅಂಚಿನಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಬೇಗ ಬೀಳುತ್ತದೆ. ಕೂದಲೆಳೆ ಕೂದಲೆಳೆಯಾಗಿ ಮಾಸ್ಕ್ ಮಾಡಿ ಮುಗಿಸಿದ ಮೇಲೆ ಆ ಫೋಟೋ ತೆಗೆದ ಕೋನವೇ ಸರಿಯಿಲ್ಲ ಅಂತ ಗೊತ್ತಾದರೆ ಅಷ್ಟೂ ಕೆಲಸ ದಂಡ.

ಮೊದಲು ಕಣ್ಣಿನ ಅಭ್ಯಾಸ ಮುರಿಯಿರಿ

ಒಂದೇ ಚಿತ್ರವನ್ನು ತುಂಬಾ ಹೊತ್ತು ನೋಡಿದರೆ ಕಣ್ಣು ಅದರ ತಪ್ಪುಗಳಿಗೆ ಒಗ್ಗಿಹೋಗುತ್ತದೆ. ಅದಕ್ಕೆ ಇಡೀ ಚಿತ್ರವನ್ನು ಎಡಬಲ ಫ್ಲಿಪ್ ಮಾಡಿ ನೋಡಿ. ಆಮೇಲೆ ಹೆಬ್ಬೆರಳಿನ ಗಾತ್ರಕ್ಕೆ ಕುಗ್ಗಿಸಿ ನೋಡಿ. ಚಿಕ್ಕದಾಗಿಸಿದಾಗಲೂ ಒಂದು ವಸ್ತು ಹಿನ್ನೆಲೆಯಿಂದ ಎದ್ದು ಹೊರಗೆ ಬಂದರೆ ದೋಷ ಬೆಳಕಿನಲ್ಲೋ ಕಪ್ಪು ಬಿಳುಪಿನ ಮಟ್ಟದಲ್ಲೋ ಇದೆ. ಚಿಕ್ಕದರಲ್ಲಿ ಚೆನ್ನಾಗಿದ್ದು ದೊಡ್ಡದು ಮಾಡಿದಾಗ ಮಾತ್ರ ಕೆಟ್ಟರೆ ದೋಷ ಅಂಚಿನಲ್ಲೋ ಗ್ರೇನ್‌ನಲ್ಲೋ ಇದೆ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ.

ಎಲ್ಲದರ ಮೇಲೆ ಎರಡು ಪರೀಕ್ಷೆಯ ಲೇಯರ್ ಇಟ್ಟುಕೊಳ್ಳಿ. ಬೇಕಾದಾಗ ಆನ್ ಮಾಡಿ, ಬೇಡವಾದಾಗ ಆಫ್ ಮಾಡಿ. ಮೊದಲನೆಯದು ಬೂದು ಬಣ್ಣ ತುಂಬಿ ಬ್ಲೆಂಡ್ ಮೋಡನ್ನು ಕಲರ್‌ಗೆ ಹಾಕಿದ ಲೇಯರ್. ಇದು ಬಣ್ಣವನ್ನು ತೆಗೆದುಹಾಕಿ ಬೆಳಕಿನ ಮಟ್ಟವನ್ನು ಮಾತ್ರ ತೋರಿಸುತ್ತದೆ. ಎರಡನೆಯದು ಒಂದು ಕರ್ವ್ಸ್ ಲೇಯರ್, ಅಂದರೆ ಗೆರೆಯೊಂದನ್ನು ಬಾಗಿಸಿ ಬೆಳಕಿನ ಮಟ್ಟ ಬದಲಿಸುವ ಲೇಯರ್. ಅದರ ಗೆರೆಯನ್ನು ಅಲೆಯ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಎಳೆಯಿರಿ. ಚಿತ್ರ ವಿಕಾರವಾಗುತ್ತದೆ, ಆದರೆ ಅಡಗಿದ್ದ ಕಲೆ, ಅರೆಬರೆ ಅಳಿಸಿದ ಮಾಸ್ಕ್, ಕ್ಲೋನ್ ಮಾಡಿದ (ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡಿದ) ಗುರುತು, ಆಕಾಶದ ಪಟ್ಟೆ ಎಲ್ಲ ಎದ್ದು ಕಾಣುತ್ತದೆ.

"ದ್ವೀಪ ತೇಲುತ್ತಿಲ್ಲ, ಅಂಟಿಕೊಂಡಿದೆ"

ಇದು ದಿಗಂತದ ದೋಷ. ಸರ್ರಿಯಲ್ ಚಿತ್ರಗಳಲ್ಲಿ ಇಷ್ಟು ಸಾಮಾನ್ಯವಾದ, ಇಷ್ಟು ಕಡಿಮೆ ಜನ ಗಮನಿಸುವ ದೋಷ ಬೇರೊಂದಿಲ್ಲ.

ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತೋ ದಿಗಂತದ ಗೆರೆ ಎಲ್ಲ ವಸ್ತುಗಳನ್ನೂ ಅಷ್ಟೇ ಎತ್ತರದಲ್ಲಿ ಹಾದುಹೋಗುತ್ತದೆ. 1.5 ಮೀಟರ್ ಎತ್ತರದಲ್ಲಿ ಕ್ಯಾಮೆರಾ ಹಿಡಿದು ಸಮತಟ್ಟಾದ ಬಯಲಿನ ಫೋಟೋ ತೆಗೆದಿದ್ದೀರಿ ಅನ್ನಿ. ಆ ಬಯಲಲ್ಲಿ ನಿಂತ 1.7 ಮೀಟರ್ ಎತ್ತರದ ಮನುಷ್ಯನಿಗೆ ದಿಗಂತ ಗದ್ದದ ಹತ್ತಿರ ಬರುತ್ತದೆ. ಅವನು ಹತ್ತಿರ ನಿಂತರೂ ಅಷ್ಟೇ, ದೂರ ನಿಂತರೂ ಅಷ್ಟೇ. ನೀವು ತಂದು ನಿಲ್ಲಿಸಿದ ಮನುಷ್ಯನಿಗೆ ದಿಗಂತ ಸೊಂಟದಲ್ಲಿ ಹಾದುಹೋದರೆ ಅವನು ದೈತ್ಯನ ಹಾಗೆ ಕಾಣುತ್ತಾನೆ, ಇಲ್ಲವೇ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಾನೆ. ದೈತ್ಯ ಬೇಕಿದ್ದರೆ ಸರಿ. ಬೇಡದಿದ್ದರೆ ಅವನ ಗಾತ್ರ ಬದಲಿಸಿ, ಇಲ್ಲವೇ ಕಾಲಿಟ್ಟ ಜಾಗ ಬದಲಿಸಿ, ಗೆರೆ ಗದ್ದಕ್ಕೆ ಬರುವ ತನಕ.

ಈಗ ದ್ವೀಪಕ್ಕೆ ಬನ್ನಿ. ದಿಗಂತಕ್ಕಿಂತ ಮೇಲಿರುವ ವಸ್ತುವನ್ನು ನಾವು ಕೆಳಗಿನಿಂದ ನೋಡುತ್ತಿರುತ್ತೇವೆ. ಅದರ ತಳ ಕಾಣಬೇಕು, ಮೇಲ್ಭಾಗ ಕಾಣಬಾರದು. ಆದರೆ ತೇಲುವ ದ್ವೀಪದ ಚಿತ್ರಗಳಲ್ಲಿ ಅದು ಆಕಾಶದಲ್ಲಿ ಎತ್ತರದಲ್ಲಿರುತ್ತದೆ, ದಿಗಂತ ಎಷ್ಟೋ ಕೆಳಗಿರುತ್ತದೆ, ಆದರೂ ದ್ವೀಪದ ಮೇಲಿನ ಹುಲ್ಲುಹಾಸು ಪೂರ್ತಿ ಕಾಣುತ್ತಿರುತ್ತದೆ. ಹುಲ್ಲನ್ನು ಮೇಲಿನಿಂದ ನೋಡಿ ತೆಗೆದ ಫೋಟೋ, ಆಕಾಶವನ್ನು ಕೆಳಗಿನಿಂದ ನೋಡಿ ತೆಗೆದ ಫೋಟೋ. ಬಣ್ಣ ಎಷ್ಟೇ ಹೊಂದಿಸಿದರೂ ಇದು ಸರಿಹೋಗುವುದಿಲ್ಲ.

ಪರೀಕ್ಷೆ ಸುಲಭ. ಹಿನ್ನೆಲೆಯ ದಿಗಂತದ ಮೇಲೆ ಒಂದು ಗೈಡ್ ಗೆರೆ ಎಳೆಯಿರಿ. ದಿಗಂತ ಬೆಟ್ಟದ ಹಿಂದೆ ಅಡಗಿದ್ದರೆ ರಸ್ತೆ, ಗೋಡೆ, ಬೇಲಿಯಂಥ ನೆಲಕ್ಕೆ ಸಮನಾದ ಗೆರೆಗಳನ್ನು ಮುಂದಕ್ಕೆ ಎಳೆದು ಅವು ಕೂಡುವ ಜಾಗ ನೋಡಿ. ದಿಗಂತ ಆ ಎತ್ತರದಲ್ಲೇ ಇರುತ್ತದೆ. ಈಗ ದ್ವೀಪದ ಲೇಯರಿನಲ್ಲಿರುವ ದುಂಡನೆಯ ವಸ್ತುಗಳನ್ನು ಗಮನಿಸಿ: ಬಾವಿಯ ಬಾಯಿ, ಬಕೆಟ್ಟಿನ ಅಂಚು, ಕಂಬದ ತಳ. ದಿಗಂತಕ್ಕೆ ಹತ್ತಿರವಾದಷ್ಟೂ ದುಂಡು ಚಪ್ಪಟೆಯಾಗುತ್ತಾ ಹೋಗಿ, ಸರಿಯಾಗಿ ದಿಗಂತದ ಎತ್ತರದಲ್ಲಿ ಬರೀ ಗೆರೆಯಾಗಿಬಿಡುತ್ತದೆ. ಅದಕ್ಕಿಂತ ಮೇಲಿದ್ದರೆ ಒಳಬಾಯಿ ಕಾಣಲೇಬಾರದು. ಕಂಡರೆ ದೋಷ ಸಿಕ್ಕಿತು.

ಮನೆಯಿದ್ದರೆ ಅದರ ಬುಡವನ್ನೂ ನೋಡಿ. ನೆಲದಲ್ಲಿ ನಿಂತು ತೆಗೆದ ಮನೆಯ ಫೋಟೋದಲ್ಲಿ ದೂರಕ್ಕೆ ಹೋಗುವ ಸೂರಿನ ಗೆರೆ ಕೆಳಗಿಳಿಯುತ್ತದೆ, ಬುಡದ ಗೆರೆ ಮೇಲೇರುತ್ತದೆ. ಅದೇ ಮನೆ ಆಕಾಶದಲ್ಲಿದ್ದರೆ ಸೂರು, ಬುಡ ಎರಡೂ ದಿಗಂತದ ಕಡೆಗೆ ಇಳಿಯಬೇಕು. ಬುಡದ ಗೆರೆ ಇನ್ನೂ ಮೇಲೇರುತ್ತಿದ್ದರೆ ಆ ಮನೆ ಎಲ್ಲೇ ಇಟ್ಟರೂ ನೆಲದ ಮೇಲಿನ ಮನೆಯೇ.

ಪರಿಹಾರಕ್ಕೆ ಮೂರು ದಾರಿ. ಒಂದು, ಹಿನ್ನೆಲೆ ಬದಲಿಸಿ: ಬೆಟ್ಟದ ತುದಿಯಿಂದಲೋ ಡ್ರೋನ್‌ನಿಂದಲೋ ತೆಗೆದ, ದಿಗಂತ ಮೇಲಿರುವ ಹಿನ್ನೆಲೆ ತೆಗೆದುಕೊಂಡರೆ ದ್ವೀಪ ದಿಗಂತಕ್ಕಿಂತ ಕೆಳಗೆ ಬಂದು ಅದರ ಹುಲ್ಲು ಕಾಣುವುದು ಸರಿಯಾಗುತ್ತದೆ. ಎರಡು, ದ್ವೀಪವನ್ನೇ ಬದಲಿಸಿ: ಮೇಲ್ಭಾಗವನ್ನು ತೆಳ್ಳಗೆ ಕತ್ತರಿಸಿ ಅಂಚಿನ ಹುಲ್ಲಿನ ತುದಿಗಳನ್ನು ಮಾತ್ರ ಉಳಿಸಿ, ಬಂಡೆಯ ತಳಕ್ಕೆ ಹೆಚ್ಚು ಜಾಗ ಕೊಡಿ. ಮೂರು, ತುಂಬಾ ದೂರದಿಂದ ಜೂಮ್ ಮಾಡಿ ತೆಗೆದ ಫೋಟೋಗಳನ್ನು ಆರಿಸಿ. ಅವುಗಳಲ್ಲಿ ಗೆರೆಗಳು ಕಡಿಮೆ ಓರೆಯಾಗಿರುತ್ತವೆ, ಸಣ್ಣಪುಟ್ಟ ವ್ಯತ್ಯಾಸ ಕಾಣುವುದಿಲ್ಲ. ನನ್ನ ಆಯ್ಕೆ ಯಾವಾಗಲೂ ಮೊದಲನೆಯದು. ಹಿನ್ನೆಲೆ ಸರಿಯಾಗಿ ಸಿಕ್ಕಿದರೆ ಉಳಿದ ಕೆಲಸ ತಾನಾಗಿ ಹಗುರವಾಗುತ್ತದೆ.

ಮುಖಗಳಿಗೂ ಇದೇ ಮಾತು. ಫೋನನ್ನು ಕೈಯಳತೆಯಲ್ಲಿ ಹಿಡಿದು ತೆಗೆದ ಮುಖದಲ್ಲಿ ಮೂಗು ದೊಡ್ಡದು, ಕಿವಿ ಚಿಕ್ಕದು. ಅದನ್ನು ಇಪ್ಪತ್ತು ಅಡಿ ದೂರದಿಂದ ತೆಗೆದ ಮೈಗೆ ಜೋಡಿಸಿದರೆ ಯಾವ ಗಾತ್ರಕ್ಕೆ ತಂದರೂ ಹೊಂದುವುದಿಲ್ಲ. ಹೀಗಾಗಲು ಕಾರಣ ಕ್ಯಾಮೆರಾ ಮತ್ತು ಮುಖದ ನಡುವಿನ ದೂರವೇ ಹೊರತು ಲೆನ್ಸ್ ಅಲ್ಲ. ಬೇರೆ ಫೋಟೋ ಹುಡುಕಿ.

"ನೆರಳು ಹಾಕಿದ್ದೇನೆ, ಆದರೂ ನೆಲಕ್ಕೆ ಕೂತಿಲ್ಲ"

ಪ್ರತಿ ಫೋಟೋದ ಬೆಳಕಿನ ಬಗ್ಗೆ ನಾಲ್ಕು ವಿಷಯ ಗೊತ್ತಿರಬೇಕು. ಯಾವ ಕಡೆಯಿಂದ ಬರುತ್ತಿದೆ, ಎಷ್ಟು ಎತ್ತರದಿಂದ, ಗಡುಸೋ ಮೆದುವೋ, ಯಾವ ಬಣ್ಣ. ಮನುಷ್ಯರ ಫೋಟೋದಲ್ಲಿ ಮೂಗಿನ ನೆರಳು, ಗದ್ದದ ಕೆಳಗಿನ ನೆರಳು, ಕಣ್ಣೊಳಗಿನ ಹೊಳಪು, ಈ ಮೂರು ನೋಡಿದರೆ ಎಲ್ಲ ತಿಳಿಯುತ್ತದೆ.

ದಿಕ್ಕು ಮಾತ್ರ ತಪ್ಪಿದ್ದರೆ ಆ ಲೇಯರನ್ನು ಎಡಬಲ ಫ್ಲಿಪ್ ಮಾಡಿ. ಅಕ್ಷರ, ಕೈಗಡಿಯಾರ, ಅಂಗಿಯ ಗುಂಡಿ ತಿರುಗಿಹೋಗಿವೆಯೇ ಅಂತ ನೋಡಿಕೊಳ್ಳಿ. ಎತ್ತರ ತಪ್ಪಿದ್ದರೆ ಸರಿಪಡಿಸುವುದು ಕಷ್ಟ. ಗಡುಸು ಮೆದು ತಪ್ಪಿದ್ದರೆ ಅದಕ್ಕಿಂತ ಕಷ್ಟ. ಮೋಡ ಮುಚ್ಚಿದ ದಿನ ತೆಗೆದ ಫೋಟೋವನ್ನು ಗಡುಸು ಬಿಸಿಲಿಗೆ ತರಲು ಕರ್ವ್ಸ್ ಎಳೆದಾಡುವುದಕ್ಕಿಂತ ಹಿನ್ನೆಲೆಯನ್ನೇ ಮೋಡದ ದಿನದ್ದಾಗಿ ಬದಲಿಸುವುದು ಜಾಣತನ. ಮೆದು ಬೆಳಕಿನ ಫೋಟೋ ಹೆಚ್ಚು ಕಡೆ ಹೊಂದುತ್ತದೆ. ಮುಂದೆ ಜೋಡಿಸಲೆಂದೇ ಫೋಟೋ ತೆಗೆಯುವವರು ಇದನ್ನು ನೆನಪಿಡಬೇಕು.

ಇನ್ನು ನೆರಳು. ಸೂರ್ಯನ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಹಾಗಾಗಿ ಸಮತಟ್ಟಾದ ನೆಲದ ಮೇಲೆ ನಿಂತ ವಸ್ತುಗಳ ನೆರಳುಗಳೂ ಸಮಾನಾಂತರ. ಸೂರ್ಯ ಎದುರಿಗಿದ್ದರೆ ಚಿತ್ರದಲ್ಲಿ ಅವೆಲ್ಲ ಸೂರ್ಯನ ನೇರ ಕೆಳಗೆ ದಿಗಂತದ ಮೇಲಿನ ಒಂದೇ ಬಿಂದುವಿನಿಂದ ಹರಡಿದ ಹಾಗೆ ಕಾಣುತ್ತವೆ. ಹಿನ್ನೆಲೆಯ ಎರಡು ಮರದ ನೆರಳುಗಳನ್ನು ಗೆರೆ ಎಳೆದು ಆ ಬಿಂದು ಹುಡುಕಿ. ನಿಮ್ಮ ವಸ್ತುವಿನ ನೆರಳಿನ ಗೆರೆಯೂ ಅಲ್ಲಿಗೇ ಹೋಗಬೇಕು. ಬೆಳಕು ಹತ್ತಿರದ ದೀಪದ್ದಾದರೆ ನೆರಳುಗಳು ದೀಪದ ಬುಡದಿಂದ ಸುತ್ತಲೂ ಹರಡುತ್ತವೆ.

ತೇಲುವ ವಸ್ತುವಿನ ನೆರಳು ಎಲ್ಲಿ ಬೀಳಬೇಕು? ಹೆಚ್ಚಿನವರು ನೇರ ಕೆಳಗೆ ಹಾಕುತ್ತಾರೆ. ಅದು ಸೂರ್ಯ ನೆತ್ತಿಯ ಮೇಲಿದ್ದರೆ ಮಾತ್ರ ಸರಿ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ, ವಸ್ತು ನೆಲದಿಂದ ಎಷ್ಟು ಮೇಲಿದೆಯೋ ನೆರಳು ಅಷ್ಟೇ ದೂರ ಪಕ್ಕಕ್ಕೆ ಹೋಗಿ ಬೀಳುತ್ತದೆ. ಸಂಜೆಯ ಬೆಳಕಿನಲ್ಲಿ ಚೌಕಟ್ಟಿನಿಂದಲೇ ಹೊರಗೆ ಹೋಗಬಹುದು. ಆಗ ನೆರಳೇ ಬೇಡ.

ನೆರಳಿನ ಅಂಚು ಎಷ್ಟು ಮೆದುವಿರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಅದರಿಂದಾಗಿ ವಸ್ತು ಮತ್ತು ನೆರಳು ಬೀಳುವ ಜಾಗದ ನಡುವೆ ಪ್ರತಿ 1 ಮೀಟರ್ ದೂರಕ್ಕೆ ನೆರಳಿನ ಅಂಚು ಸುಮಾರು 1 ಸೆಂಟಿಮೀಟರ್ ಮಸುಕಾಗುತ್ತದೆ. ನಿಂತ ಮನುಷ್ಯನ ಕಾಲಿನ ನೆರಳು ಚೂಪು, ತಲೆಯ ನೆರಳು ಸ್ವಲ್ಪ ಮಸುಕು. 2 ಮೀಟರ್ ಎತ್ತರದಲ್ಲಿ ತೇಲುವ ಕುರ್ಚಿಯ ನೆರಳು ಸುತ್ತಲೂ ಒಂದೇ ಸಮ ಮಸುಕು. ಅದರ ತೆಳು ಕಾಲುಗಳ ನೆರಳಿಗೂ ಚೂಪು ಅಂಚು ಇರುವುದಿಲ್ಲ. ತೇಲುವ ವಸ್ತುವಿಗೆ ಕತ್ತರಿಸಿಟ್ಟಂಥ ಚೂಪು ನೆರಳು ಹಾಕಿದರೆ ಕಣ್ಣು ಅದನ್ನು ನೆಲಕ್ಕೆ ಎಳೆದುಕೊಂಡುಬಿಡುತ್ತದೆ. ಮಸುಕು ಜಾಸ್ತಿ ಮಾಡಿದಷ್ಟೂ ಅದು ಮೇಲೇರಿದ ಹಾಗೆ ಕಾಣುತ್ತದೆ. ಗಾಸಿಯನ್ ಬ್ಲರ್‌ನ ಸ್ಲೈಡರ್ ಎಳೆಯುತ್ತಾ ಇದನ್ನು ಒಮ್ಮೆ ನೀವೇ ನೋಡಿ.

ನೆಲಕ್ಕೆ ತಾಗಿದ ವಸ್ತುವಿಗೆ ಎರಡು ಬೇರೆ ಬೇರೆ ಲೇಯರಿನಲ್ಲಿ ನೆರಳು ಹಾಕಿ. ತಾಗುವ ಕಡೆ ಸಣ್ಣಗೆ, ಗಾಢವಾಗಿ ಒಂದು. ಚಾಚಿದ ನೆರಳು ಇನ್ನೊಂದು. ಮೊದಲನೆಯದನ್ನು ಬಿಟ್ಟಿದ್ದೇ "ಕೂತಿಲ್ಲ" ಅನ್ನುವ ದೂರಿಗೆ ಮುಖ್ಯ ಕಾರಣ. ಶೂ ಅಡಿಯಲ್ಲಿ ಬೆರಳಿನಷ್ಟು ಅಗಲದ ಕಪ್ಪು ಗೆರೆ ಇಲ್ಲದಿದ್ದರೆ ಎಷ್ಟೇ ಚೆಂದದ ಉದ್ದ ನೆರಳಿದ್ದರೂ ಮನುಷ್ಯ ನೆಲ ಬಿಟ್ಟು ನಿಂತಿರುತ್ತಾನೆ.

ನೆರಳಿಗೆ ಶುದ್ಧ ಕಪ್ಪು ಬಳಸಬೇಡಿ. ಬಿಸಿಲಿನ ನೆರಳಿಗೆ ಆಕಾಶದ ಬೆಳಕು ಬೀಳುವುದರಿಂದ ಅದು ತುಸು ನೀಲಿಯಾಗಿರುತ್ತದೆ. ಹಿನ್ನೆಲೆಯಲ್ಲಿ ಈಗಾಗಲೇ ಇರುವ ನೆರಳಿನಿಂದಲೇ ಬಣ್ಣ ಎತ್ತಿಕೊಂಡು, ಕೆಳಗಿನದನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡಿನಲ್ಲಿ ಹಾಕಿ. ಆಮೇಲೆ ಇನ್ಫೋ ಪ್ಯಾನೆಲ್ ತೆರೆದು ಅಳೆಯಿರಿ (0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ). ಉದಾಹರಣೆಗೆ ಹಿನ್ನೆಲೆಯಲ್ಲಿ ಬಿಸಿಲು ಬಿದ್ದ ಮರಳು 200, ನೆರಳು ಬಿದ್ದ ಮರಳು 90 ಅಂತ ತೋರಿಸಿದರೆ, ಅದೇ ಮರಳಿನ ಮೇಲೆ ನೀವು ಹಾಕಿದ ನೆರಳೂ 90ರ ಆಸುಪಾಸಿನಲ್ಲಿರಬೇಕು. ಕಣ್ಣು ಇಲ್ಲಿ ಮೋಸ ಹೋಗುತ್ತದೆ, ಸಂಖ್ಯೆ ಮೋಸ ಹೋಗುವುದಿಲ್ಲ.

"ತಿಮಿಂಗಿಲ ಆಟಿಕೆಯ ಹಾಗೆ ಕಾಣುತ್ತದೆ"

ದೊಡ್ಡದಾಗಿ, ದೂರದಲ್ಲಿ ಕಾಣಬೇಕಾದ್ದು ಚಿಕ್ಕದಾಗಿ, ಹತ್ತಿರದಲ್ಲಿ ಕಾಣುತ್ತಿದೆ ಅಂದರೆ ಗಾಳಿ ಮರೆತಿದೆ. ದೂರದ ವಸ್ತುವಿಗೂ ನಮಗೂ ನಡುವೆ ಎಷ್ಟೋ ಗಾಳಿ, ಧೂಳು, ತೇವ ಇರುತ್ತದೆ. ಅದು ದೂರದ ಕಪ್ಪನ್ನು ತಿಳಿಯಾಗಿಸುತ್ತದೆ, ಕಾಂಟ್ರಾಸ್ಟ್ ಇಳಿಸುತ್ತದೆ, ಹಗಲಿನಲ್ಲಿ ತುಸು ನೀಲಿ ಬೆರೆಸುತ್ತದೆ. ಬೂದು ಲೇಯರ್ ಆನ್ ಮಾಡಿ, ಹಿನ್ನೆಲೆಯಲ್ಲಿ ತಿಮಿಂಗಿಲದಷ್ಟೇ ದೂರದಲ್ಲಿರುವ ಬೆಟ್ಟದ ಅತಿ ಕಪ್ಪು ಜಾಗ ಅಳೆಯಿರಿ. ಅದು 70 ಇದ್ದು ತಿಮಿಂಗಿಲದ ಅತಿ ಕಪ್ಪು ಜಾಗ 10 ಇದ್ದರೆ, ತಿಮಿಂಗಿಲ ಬೆಟ್ಟಕ್ಕಿಂತ ಎಷ್ಟೋ ಮುಂದೆ ಬಂದುಬಿಟ್ಟಿದೆ. ಕಣ್ಣು ಅದನ್ನು ಹತ್ತಿರದ ಚಿಕ್ಕ ವಸ್ತು ಅಂತ ಓದುತ್ತದೆ.

ತಿಮಿಂಗಿಲಕ್ಕೆ ಮಾತ್ರ ಅನ್ವಯವಾಗುವ ಹಾಗೆ ಒಂದು ಕರ್ವ್ಸ್ ಲೇಯರನ್ನು ಕ್ಲಿಪ್ ಮಾಡಿ. ಎರಡು ಲೇಯರುಗಳ ನಡುವಿನ ಗೆರೆಯ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡಿದರೆ ಕ್ಲಿಪ್ ಆಗುತ್ತದೆ. ಕರ್ವ್‌ನ ಎಡತುದಿಯ ಬಿಂದುವನ್ನು ನೇರ ಮೇಲಕ್ಕೆ ಎತ್ತಿ, ಕಪ್ಪು 70ಕ್ಕೆ ಬರುವ ತನಕ. ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ನೀಲಿಯದನ್ನು ಸ್ವಲ್ಪ ಹೆಚ್ಚು ಎತ್ತಿ. ತಿಮಿಂಗಿಲ ನಿಮ್ಮ ಕಣ್ಣೆದುರೇ ಹಿಂದೆ ಸರಿದು ದೊಡ್ಡದಾಗುತ್ತದೆ. ಬಾಲ ಇನ್ನೂ ದೂರದಲ್ಲಿದ್ದರೆ ಮಾಸ್ಕ್‌ನಲ್ಲಿ ಗ್ರೇಡಿಯಂಟ್ ಎಳೆದು ಬಾಲಕ್ಕೆ ಹೆಚ್ಚು, ತಲೆಗೆ ಕಡಿಮೆ ಕೊಡಿ. ಕೊನೆಗೆ ಅದರ ಮುಂದೆ ಒಂದು ತುಂಡು ಮೋಡ ಹಾಯಿಸಿ. ಯಾವುದರ ಹಿಂದೆ ಯಾವುದಿದೆ ಅಂತ ತಿಳಿಯುವುದಕ್ಕೆ ಮರೆಯಾಗುವುದಕ್ಕಿಂತ ಒಳ್ಳೆಯ ಗುರುತಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದೋಷ ಯಾವುದೆಂದು ತಿಳಿಯದೆ ಚಿತ್ರದ ತುಂಬ ಮಂಜು, ಟೆಕ್ಸ್ಚರ್, ಕತ್ತಲೆಯ ಅಂಚು ಸುರಿಯುವುದು ದುರಸ್ತಿಯಲ್ಲ. ಸುಮ್ನೆ ಮುಚ್ಚಿದ ಹಾಗಾಗುತ್ತದೆ. ದಿಗಂತ ತಪ್ಪಿದ ಚಿತ್ರ ಮಂಜಿನೊಳಗೂ ತಪ್ಪಾಗಿಯೇ ಕಾಣುತ್ತದೆ.

"ಅಂಚಿನಲ್ಲಿ ಬಿಳಿ ಗೆರೆ ಉಳಿದಿದೆ"

ಕತ್ತರಿಸಿದ ವಸ್ತುವಿನ ಅಂಚಿನ ಪಿಕ್ಸೆಲ್‌ಗಳಲ್ಲಿ ಹಳೆಯ ಹಿನ್ನೆಲೆಯ ಬಣ್ಣವೂ ಬೆರೆತಿರುತ್ತದೆ. ಬೆಳ್ಳಗಿನ ಆಕಾಶದ ಮುಂದೆ ತೆಗೆದದ್ದನ್ನು ಕತ್ತಲೆಯ ಹಿನ್ನೆಲೆಗೆ ತಂದರೆ ಆ ಬಿಳುಪು ಹೊಳೆಯುತ್ತದೆ. ಫೀದರ್ (ಅಂಚಿನ ಮೆದುತನ) ಹೆಚ್ಚು ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದರಿಂದ ಬಿಳುಪು ಹೋಗುವುದಿಲ್ಲ, ಹರಡುತ್ತದೆ.

ಮೊದಲು ಗೆರೆ ಎಲ್ಲಿಂದ ಬಂತು ಅಂತ ತಿಳಿಯಿರಿ. ಮಾಸ್ಕ್ ಮೇಲೆ ಶಿಫ್ಟ್ ಕ್ಲಿಕ್ ಮಾಡಿ ಅದನ್ನು ಆಫ್ ಮಾಡಿದಾಗ ಮೂಲ ಫೋಟೋದಲ್ಲೇ ಆ ಗೆರೆ ಇದ್ದರೆ, ಅದು ಕ್ಯಾಮೆರಾ ಅಥವಾ ಫೋನು ಜಾಸ್ತಿ ಶಾರ್ಪನ್ ಮಾಡಿದ್ದರ ಗುರುತು. ಆಗ ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಗೆ ತಳ್ಳಿ. ಮೂಲದಲ್ಲಿ ಇಲ್ಲದಿದ್ದರೆ ಅದು ಹಿನ್ನೆಲೆಯ ಬಣ್ಣವೇ. ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿ ಅಂಚಿಗೆ ಅಂಟಿದ ಹಳೆಯ ಬಣ್ಣ ತೆಗೆಯುವ ಡಿಕಂಟ್ಯಾಮಿನೇಟ್ ಕಲರ್ಸ್ ಬಳಸಿ, ಅಥವಾ ಒಂದು ಖಾಲಿ ಲೇಯರ್ ಕ್ಲಿಪ್ ಮಾಡಿ ವಸ್ತುವಿನ ಒಳಗಿನ ಬಣ್ಣವನ್ನೇ ಅಂಚಿನ ತನಕ ಕ್ಲೋನ್ ಮಾಡಿ. ಎರಡನೆಯದು ನಿಧಾನ, ಆದರೆ ಫಲಿತಾಂಶ ನಿಮ್ಮ ಕೈಯಲ್ಲಿರುತ್ತದೆ. ಬಿಳಿ ಹಿನ್ನೆಲೆಯ ಮುಂದಿನ ಕಪ್ಪು ಕೂದಲಿಗೆ ಅದೇ ಫೋಟೋದ ಇನ್ನೊಂದು ಪ್ರತಿಯನ್ನು ಮಲ್ಟಿಪ್ಲೈನಲ್ಲಿ ಇಟ್ಟು ಕೂದಲಿನ ಸುತ್ತ ಮಾತ್ರ ಉಳಿಸಿದರೆ ಬಿಳುಪು ತಾನಾಗಿ ಮಾಯವಾಗುತ್ತದೆ. ಇದು ನಡೆಯುವುದು ಹೊಸ ಹಿನ್ನೆಲೆ ಕೂದಲಿಗಿಂತ ತಿಳಿಯಾಗಿದ್ದಾಗ ಮಾತ್ರ.

ಇಡೀ ವಸ್ತುವಿಗೆ ಒಂದೇ ಅಳತೆಯ ಮೆದು ಅಂಚು ಬೇಡ. ಫೋಕಸ್‌ನಲ್ಲಿರುವ ಭುಜಕ್ಕೆ ಚೂಪು ಅಂಚು, ಮಸುಕಾದ ಮೊಣಕೈಗೆ ಮಸುಕು ಅಂಚು, ಬಟ್ಟೆಯ ನೂಲಿಗೆ ಒರಟು ಅಂಚು. ಬ್ರಷ್ಷಿನ ಗಡಸುತನವನ್ನು ಜಾಗಕ್ಕೆ ತಕ್ಕ ಹಾಗೆ ಬದಲಿಸುತ್ತಾ ಹೋಗಬೇಕು. ಫೋಟೋಗ್ರಾಫರ್ ಜೆರ್ರಿ ಯುಲ್ಸ್‌ಮನ್ ಕಂಪ್ಯೂಟರ್ ಇಲ್ಲದೆ, ಡಾರ್ಕ್‌ರೂಮಿನಲ್ಲಿ ಹಲವು ಎನ್‌ಲಾರ್ಜರ್‌ಗಳಿಗೆ (ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರಗಳಿಗೆ) ಬೇರೆ ಬೇರೆ ನೆಗೆಟಿವ್ ಹಾಕಿ, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತಾ ಇಂಥ ಚಿತ್ರ ಮಾಡುತ್ತಿದ್ದರು. ಬೇಡದ ಕಡೆಗೆ ಬೆಳಕು ಬೀಳದ ಹಾಗೆ ಮರೆ ಮಾಡಿ ಸೇರಿಸಿದ ಆ ಅಂಚುಗಳು ಎಷ್ಟು ಮೆದು ಅಂತ ನೋಡಿ. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಅದಕ್ಕಿಂತ ಎಷ್ಟೋ ಮುಂಚೆ, 1857ರಲ್ಲೇ, ಫೋಟೋಗ್ರಾಫರ್ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೇ ಪ್ರಿಂಟ್‌ಗೆ ಕೂಡಿಸಿದ್ದರು.

ಚದುರಿದ ಚೂರುಗಳು ಉಳಿದಿವೆಯೇ ಅಂತ ನೋಡಲು ಆ ಲೇಯರಿಗೆ ಸ್ಟ್ರೋಕ್ ಸ್ಟೈಲ್ ಕೊಟ್ಟು ಗಾಢ ಕೆಂಪು ಹಾಕಿ. ಕಣ್ಣಿಗೆ ಕಾಣದ ಒಂಟಿ ಪಿಕ್ಸೆಲ್ ಸುತ್ತಲೂ ಕೆಂಪು ಚುಕ್ಕಿ ಮೂಡುತ್ತದೆ. ಅಳಿಸಿ, ಸ್ಟ್ರೋಕ್ ತೆಗೆಯಿರಿ.

ನೀರಿನ ಮೇಲೆ ನಿಂತ ಬಾಗಿಲು

ನೀರಿನಲ್ಲಿ ಬಿಂಬ ಯಾವಾಗಲೂ ವಸ್ತುವಿನ ನೇರ ಕೆಳಗೇ ಬರುತ್ತದೆ. ನೆರಳಿನ ಹಾಗೆ ಓರೆಯಾಗುವುದಿಲ್ಲ. ಬಿಂಬ ಓರೆಯಾಗಿದ್ದರೆ ಅಲ್ಲೇ ದೋಷ. ನೀರಿಗೆ ತಾಗಿದ ಬಾಗಿಲಿಗೆ ಪ್ರತಿಯನ್ನು ಮೇಲೆ ಕೆಳಗೆ ಫ್ಲಿಪ್ ಮಾಡಿ, ತುಸು ಕಪ್ಪಾಗಿಸಿ, ಅಲೆಗಳಿಗೆ ತಕ್ಕ ಹಾಗೆ ಮುರಿದರೆ ಸಾಕು. ಆದರೆ ನೀರಿನ ಮೇಲೆ ಎತ್ತರದಲ್ಲಿ ತೇಲುವ ವಸ್ತುವಿಗೆ ಫ್ಲಿಪ್ ಸಾಲದು. ಬಿಂಬದಲ್ಲಿ ಅದನ್ನು ನಾವು ಇನ್ನೂ ಕೆಳಗಿನಿಂದ ನೋಡುತ್ತೇವೆ, ತಳ ಜಾಸ್ತಿ ಕಾಣಬೇಕು. ಅಲೆಯಿದ್ದರೆ ಒಳ್ಳೆಯದು, ವಿವರಗಳೆಲ್ಲ ಮುರಿದುಹೋಗುತ್ತವೆ.

ಬಾಗಿಲೊಳಗಿಂದ ಬೆಳಕು ಬರುತ್ತಿದ್ದರೆ ಅಲೆಯ ಮೇಲೆ ಹೊಳೆಯುವ ದಾರಿ ಬಾಗಿಲಿನಿಂದ ಕ್ಯಾಮೆರಾದ ಕಡೆಗೇ ಬರಬೇಕು. ಪಕ್ಕಕ್ಕೆ ಹರಡಿದ ಹೊಳಪು ನೆಲದ ಮೇಲೆ ಸರಿ, ನೀರಿನ ಮೇಲೆ ತಪ್ಪು. ಚಂದ್ರನ ಬೆಳಕು ಕೊಳದಲ್ಲಿ ಹೇಗೆ ನಮ್ಮ ಕಾಲಬುಡದ ತನಕ ಬರುತ್ತದೆ ಅಂತ ನೋಡಿದ್ದೀರಿ ಅಲ್ವಾ?

ಒಂದು ಕಡೆ ನುಣುಪು, ಒಂದು ಕಡೆ ಕಾಳುಕಾಳು

200 ಪರ್ಸೆಂಟ್ ಜೂಮ್ ಮಾಡಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಸಾಮಾನ್ಯವಾಗಿ ನೀಲಿ ಚಾನೆಲ್‌ನಲ್ಲಿ ನಾಯ್ಸ್ (ಈ ಕಾಳುಕಾಳು) ಚೆನ್ನಾಗಿ ಕಾಣುತ್ತದೆ. ಫೋಟೋ ಕುಗ್ಗಿಸಿದರೆ ಗ್ರೇನ್ ಕರಗುತ್ತದೆ, ಹಿಗ್ಗಿಸಿದರೆ ದೊಡ್ಡದಾಗುತ್ತದೆ. ಎಐ ತುಂಬಿದ ಜಾಗವೂ ಹೆಚ್ಚಾಗಿ ನುಣ್ಣಗೆ, ಗ್ರೇನ್ ಇಲ್ಲದೆ ಬರುತ್ತದೆ. ಪರಿಹಾರ: 50 ಪರ್ಸೆಂಟ್ ಬೂದು ತುಂಬಿದ ಲೇಯರ್, ಮೋಡ್ ಓವರ್‌ಲೇ, ಅದರ ಮೇಲೆ ಆ್ಯಡ್ ನಾಯ್ಸ್‌ನಲ್ಲಿ ಗಾಸಿಯನ್, ಮಾನೋಕ್ರೊಮ್ಯಾಟಿಕ್. ಗ್ರೇನ್ ತೀರಾ ಚೂಪಾದರೆ ಚೂರೇ ಚೂರು ಬ್ಲರ್. ನುಣುಪಾದ ವಸ್ತುವಿಗೆ ಮಾತ್ರ ಕ್ಲಿಪ್ ಮಾಡಿ. ನಾಯ್ಸ್ ಹಾಕುವುದು, ಶಾರ್ಪನ್ ಮಾಡುವುದು ಎರಡೂ ಕೊನೆಯ ಕೆಲಸ.

ಆಕಾಶದಲ್ಲಿ ಪಟ್ಟೆ ಮೂಡಿದ್ದರೆ ಕಾರಣ 8 ಬಿಟ್. ಅದರಲ್ಲಿ ಒಂದು ಚಾನೆಲ್‌ಗೆ 256 ಹಂತ ಮಾತ್ರ. ಮೆಲ್ಲಗೆ ಬದಲಾಗುವ ನೀಲಿಯನ್ನು ಕರ್ವ್ಸ್‌ನಲ್ಲಿ ಎಳೆದಾಗ ಹಂತಗಳ ನಡುವೆ ಬಿರುಕು ಬೀಳುತ್ತದೆ. ಕೆಲಸ ಶುರು ಮಾಡುವಾಗಲೇ, ಸಾಧ್ಯವಾದರೆ ರಾ ಫೈಲಿನಿಂದಲೇ (ಕ್ಯಾಮೆರಾದ ಕಚ್ಚಾ ಫೈಲಿನಿಂದಲೇ), 16 ಬಿಟ್‌ಗೆ ಹೋಗಿ. ಪಟ್ಟೆ ಮೂಡಿದ ಮೇಲೆ ಬದಲಿಸಿದರೆ ಪ್ರಯೋಜನವಿಲ್ಲ. ಆಗ ನಾಯ್ಸ್ ಒಂದೇ ಗತಿ.

ದೋಷ ಚಿತ್ರದಲ್ಲಿಲ್ಲ, ಸಾಫ್ಟ್‌ವೇರ್‌ನಲ್ಲಿದ್ದಾಗ

ಬ್ರಷ್ ಎಳೆದರೂ ಏನೂ ಆಗುತ್ತಿಲ್ಲವೇ? ಮಾಸ್ಕ್ ಆಯ್ಕೆಯಾಗಿದೆಯೋ ಲೇಯರೋ ನೋಡಿ. ಎಲ್ಲೋ ಒಂದು ಸೆಲೆಕ್ಷನ್ ಉಳಿದಿರಬಹುದು, ಅದರ ಗೆರೆ ಅಡಗಿಸಿದ್ದರೆ ಕಾಣುವುದೂ ಇಲ್ಲ. ಕಂಟ್ರೋಲ್ ಮತ್ತು ಡಿ ಒತ್ತಿ ಬಿಡಿಸಿ. ಬ್ರಷ್ ಹಿಡಿದಿದ್ದಾಗ ಅಂಕೆ ಕೀ ತಾಗಿದರೆ ಒಪಾಸಿಟಿ ಬದಲಾಗುತ್ತದೆ. ಬ್ರಷ್ಷಿನ ವೃತ್ತ ಹೋಗಿ ಕೂಡು ಗುರುತು ಬಂದರೆ ಕ್ಯಾಪ್ಸ್ ಲಾಕ್ ಆನ್ ಆಗಿದೆ. ಗಿಂಪ್‌ನಲ್ಲಿ ಒಂದು ಗೆರೆಯಾಚೆ ಬ್ರಷ್ ಹೋಗದಿದ್ದರೆ ಅದು ಲೇಯರಿನ ಗಡಿ. ಲೇಯರನ್ನು ಚಿತ್ರದ ಗಾತ್ರಕ್ಕೆ ತನ್ನಿ. ಅಳಿಸಿದಾಗ ಹಿನ್ನೆಲೆಯ ಬಣ್ಣ ಬಂದರೆ ಆ ಲೇಯರಿಗೆ ಪಾರದರ್ಶಕತೆ ಹಿಡಿದಿಡುವ ಆಲ್ಫಾ ಚಾನೆಲ್ ಇಲ್ಲ, ಸೇರಿಸಿ.

ಒಂದು ಗ್ರೂಪಿನೊಳಗೆ ಹಾಕಿದ ಕರ್ವ್ಸ್ ಇಡೀ ಚಿತ್ರದ ಬಣ್ಣ ಕೆಡಿಸುತ್ತಿದ್ದರೆ ಗ್ರೂಪಿನ ಮೋಡ್ ಪಾಸ್ ಥ್ರೂ ಆಗಿದೆ. ನಾರ್ಮಲ್ ಮಾಡಿದರೆ ಒಳಗಿನ ಬದಲಾವಣೆ ಒಳಗೇ ನಿಲ್ಲುತ್ತದೆ. ಹಲವು ಲೇಯರುಗಳ ಚಿತ್ರದಲ್ಲಿ ಇದು ಗಂಟೆಗಟ್ಟಲೆ ಕಾಡಿಸುವ ದೋಷ, ಸರಿಪಡಿಸಲು ಬೇಕಾದ್ದು ಒಂದು ಕ್ಲಿಕ್.

ಕುಗ್ಗಿಸಿ ಮತ್ತೆ ಹಿಗ್ಗಿಸಿದ ಲೇಯರ್ ಮಸುಕಾಗಿದ್ದರೆ ಕಳೆದುಹೋದ ಪಿಕ್ಸೆಲ್ ವಾಪಸ್ ಬರುವುದಿಲ್ಲ. ಮೂಲ ಫೋಟೋ ಮತ್ತೆ ತನ್ನಿ, ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಆಗ ಮೂಲ ಪಿಕ್ಸೆಲ್ ಹಾಗೇ ಉಳಿಯುತ್ತದೆ. ಫೈಲ್ ಉಳಿಸಲಾಗದಿದ್ದರೆ ಗಾತ್ರ ನೋಡಿ: ಫೋಟೋಶಾಪ್‌ನ ಪಿಎಸ್‌ಡಿ ಫೈಲ್ 2 ಜಿಬಿ ದಾಟುವುದಿಲ್ಲ, ಅಗಲ ಎತ್ತರ 30,000 ಪಿಕ್ಸೆಲ್ ಮೀರುವುದಿಲ್ಲ. ದೊಡ್ಡ ಫೈಲಿಗಾಗಿಯೇ ಇರುವ ಪಿಎಸ್‌ಬಿ ಆಗಿ ಉಳಿಸಿ.

ಉಳಿಸಿದ ಮೇಲೆ ಬಣ್ಣ ಸಪ್ಪೆಯಾದರೆ, ನೀವು ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಪ್ರೊಫೈಲಿನಲ್ಲಿ ಕೆಲಸ ಮಾಡಿ ಅದನ್ನೇ ನೇರ ಕಳಿಸಿರಬಹುದು. ಕನ್ವರ್ಟ್ ಟು ಪ್ರೊಫೈಲ್‌ನಲ್ಲಿ ವೆಬ್‌ಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಆರಿಸಿ, ಪ್ರೊಫೈಲನ್ನು ಫೈಲಿನೊಳಗೇ ಸೇರಿಸಿ ಉಳಿಸಿ. ಅಸೈನ್ ಪ್ರೊಫೈಲ್ ಒತ್ತಬೇಡಿ. ಅದು ಸಂಖ್ಯೆಗಳನ್ನು ಹಾಗೇ ಬಿಟ್ಟು ಅವುಗಳ ಅರ್ಥ ಮಾತ್ರ ಬದಲಿಸುತ್ತದೆ, ಬಣ್ಣ ಇನ್ನಷ್ಟು ಕೆಡುತ್ತದೆ. ಹಿನ್ನೆಲೆ ಪಾರದರ್ಶಕವಾಗಿರಬೇಕಿದ್ದರೆ ಪಿಎನ್‌ಜಿ ಆಗಿ ಉಳಿಸಿ, ಜೆಪೆಗ್‌ನಲ್ಲಿ ಅದು ನಿಲ್ಲುವುದಿಲ್ಲ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಹಾಗಾಗಿ ಕ್ವಾಲಿಟಿ ತೀರಾ ಇಳಿಸಿದರೆ ತಿಮಿಂಗಿಲದ ಸುತ್ತಲಿನ ಮಂಜಿನಲ್ಲಿ ಚೌಕಗಳು ಕಾಣತೊಡಗುತ್ತವೆ. ಲೇಯರುಗಳಿರುವ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳಿ, ಜೆಪೆಗ್ಗನ್ನು ಪ್ರತಿ ಸಲ ಅದರಿಂದಲೇ ಹೊಸದಾಗಿ ತೆಗೆಯಿರಿ.